ಪೇಂಟ್ ಹೊಡೆದ ಕ್ಯಾಬಿನೆಟ್: ಹ್ಯಾಂಡಲ್ ಸುತ್ತ ಒರೆಸಿದರೆ ಬಣ್ಣವೇ ಬರುತ್ತಿದೆ

ಬಿಳಿಬಾಗಿಲು:

ನಾವು ಈ ಮನೆಗೆ ಬರುವ ಮೊದಲೇ ಅಡುಗೆಮನೆ ಕ್ಯಾಬಿನೆಟ್‌ಗಳಿಗೆ ಕೆನೆಬಣ್ಣದ ಪೇಂಟ್ ಹೊಡೆದಿತ್ತು. ಯಾವ ಪೇಂಟ್, ಯಾವಾಗ ಹೊಡೆದದ್ದು ಅಂತ ಹೇಳುವವರು ಯಾರೂ ಇಲ್ಲ. ಒಳಗಿರುವುದು ಎಂಡಿಎಫ್ (ಮರದ ನಾರಿಗೆ ಅಂಟು ಸೇರಿಸಿ ಒತ್ತಿ ಮಾಡಿದ ಹಲಗೆ) ಇರಬೇಕು, ಒಂದು ಕಡೆ ಕಿತ್ತು ಬಂದಲ್ಲಿ ಕಂದು ಪುಡಿ ಕಾಣುತ್ತದೆ.

ಸ್ಟವ್ ಮೇಲಿನ ಬಾಗಿಲುಗಳಲ್ಲಿ ಹಳದಿ ಜಿಡ್ಡು. ಅದರ ಮೇಲೆ ಧೂಳು ಕೂತು ಬೆಕ್ಕಿನ ತುಪ್ಪಳದ ಹಾಗಾಗಿದೆ. ಸಿಂಕ್ ಕೆಳಗಿನ ಬಾಗಿಲಿನ ತಳದ ಅಂಚು ಉಬ್ಬಿ ಪೇಂಟ್ ಎದ್ದಿದೆ. ಆದರೆ ನನಗೆ ಜಾಸ್ತಿ ಚಿಂತೆ ಹ್ಯಾಂಡಲ್‌ಗಳದ್ದು. ಸುತ್ತ ಕಪ್ಪಾಗಿದೆ. ಒರೆಸಿದರೆ ಕೊಳೆಯ ಜೊತೆ ಕೆನೆಬಣ್ಣವೂ ಬಟ್ಟೆಗೆ ಬರುತ್ತಿದೆ.

ಅಡುಗೆ ಸೋಡಾಕ್ಕೆ ವಿನೆಗರ್ ಬೆರೆಸಿ ಉಜ್ಜಿ ಅಂತ ಎಲ್ಲ ಕಡೆ ಬರೆದಿರುತ್ತಾರೆ. ಮಾಡಬಹುದಾ? ಎಲ್ಲವನ್ನೂ ಕೆರೆದು ಮತ್ತೆ ಪೇಂಟ್ ಹೊಡೆಸುವಷ್ಟು ದುಡ್ಡೂ ಇಲ್ಲ, ತಾಳ್ಮೆಯೂ ಇಲ್ಲ.

ಸ್ಪಂಜುಪ್ರಿಯ:

ಬಿಳಿ ಮೆಲಮೈನ್ ಸ್ಪಂಜ್ ಸಿಗುತ್ತಲ್ಲ, ಅದನ್ನು ತಗೊಳ್ಳಿ. ಗೋಡೆ ಮೇಲೆ ಮಕ್ಕಳು ಗೀಚಿದ ಕ್ರೇಯಾನ್ ಎಲ್ಲ ನಮ್ಮಲ್ಲಿ ಒಂದೇ ಸಲಕ್ಕೆ ಹೋಯಿತು.

ಕುಂಚಕೆಲಸ:

ಆ ಸ್ಪಂಜನ್ನು ಗೋಡೆಗೇ ಇಟ್ಟುಕೊಳ್ಳಿ ಸರ್. ಅದು ನಿಜಕ್ಕೂ ತುಂಬ ನಯವಾದ ಸ್ಯಾಂಡ್ ಪೇಪರ್. ಹೊಳಪಿಲ್ಲದ ಗೋಡೆಯಲ್ಲಿ ಗೊತ್ತಾಗುವುದಿಲ್ಲ. ಕ್ಯಾಬಿನೆಟ್‌ಗೆ ಸಾಮಾನ್ಯವಾಗಿ ಹೊಳಪಿನ ಪೇಂಟ್ ಇರುತ್ತದೆ. ಉಜ್ಜಿದ ಕಡೆ ಹೊಳಪು ಹೋಗಿ ಮಂಕು ಪಟ್ಟೆ ಉಳಿಯುತ್ತದೆ, ಆಮೇಲೆ ಕೊಳೆ ಅಲ್ಲೇ ಬೇಗ ಕೂರುತ್ತದೆ.

ಸೋಡಾ, ವಿನೆಗರ್ ಎರಡನ್ನೂ ಬೆರೆಸುವುದು ದಂಡ. ಒಂದು ಕ್ಷಾರ, ಇನ್ನೊಂದು ಆಮ್ಲ. ಒಂದರ ಕೆಲಸವನ್ನು ಇನ್ನೊಂದು ಕೆಡಿಸುತ್ತದೆ. ನೊರೆ ನೋಡಲು ಚೆಂದ, ನೊರೆ ಇಳಿದ ಮೇಲೆ ಉಳಿಯುವುದು ಹೆಚ್ಚುಕಮ್ಮಿ ಉಪ್ಪುನೀರು. ಸೋಡಾ ಒಂದನ್ನೇ ಪೇಸ್ಟ್ ಮಾಡಿ ಉಜ್ಜಿದರೂ ಹೊಳಪು ಹೋಗುವ ಭಯ ಇದೆ.

ನಾನು ಹಳೇ ಪೀಠೋಪಕರಣಗಳಿಗೆ ಪೇಂಟ್ ಹೊಡೆಯುವವನು. ಜಿಡ್ಡಿನ ಬಗ್ಗೆ ಒಂದು ಮಾತು. ಅಡುಗೆ ಎಣ್ಣೆಯ ಸಣ್ಣ ಹನಿಗಳು ಬಾಗಿಲ ಮೇಲೆ ಕೂತು, ಬಿಸಿಗೂ ಗಾಳಿಗೂ ನಿಧಾನವಾಗಿ ಗಟ್ಟಿಯಾಗುತ್ತವೆ. ಅಗಸೆ ಎಣ್ಣೆಯ ಪೇಂಟ್ ಒಣಗುವುದೂ ಹೀಗೇ. ಅಂದರೆ ನಿಮ್ಮ ಸ್ಟವ್ ಮೇಲಿರುವುದು ಅರ್ಧ ಪೇಂಟ್ ಆಗಿಬಿಟ್ಟ ಎಣ್ಣೆ. ಉಜ್ಜಿದರೆ ಅದರ ಜೊತೆ ಕೆಳಗಿನ ನಿಜವಾದ ಪೇಂಟೂ ಹೋಗುತ್ತದೆ. ನೆನೆಸಿ ತೆಗೆಯಬೇಕು.

ಒಂದು ಲೀಟರ್ ಬೆಚ್ಚಗಿನ ನೀರಿಗೆ ಒಂದು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಸಾಕು. ಮೈಕ್ರೋಫೈಬರ್ ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ, ಜಿಡ್ಡಿನ ಮೇಲೆ ಒಂದೆರಡು ನಿಮಿಷ ಒತ್ತಿ ಹಿಡಿಯಿರಿ. ಆಮೇಲೆ ಒರೆಸಿ. ಕೆಳಗಿನಿಂದ ಮೇಲಕ್ಕೆ ಹೋಗಿ. ಮೇಲಿಂದ ಶುರು ಮಾಡಿದರೆ ಸೋಪು ನೀರು ಒಣ ಕೊಳೆಯ ಮೇಲೆ ಇಳಿದು ಗೆರೆ ಬೀಳುತ್ತದೆ, ಆ ಗೆರೆ ತೆಗೆಯುವುದೇ ಇನ್ನೊಂದು ಕೆಲಸ. ಬಾಗಿಲಿನ ತೋಡುಗಳಿಗೆ ಮೆತ್ತನೆಯ ಟೂತ್ ಬ್ರಷ್ ಇರಲಿ. ಕೊನೆಗೆ ಬರೀ ನೀರಿನ ಬಟ್ಟೆ, ಅದರ ಹಿಂದೆಯೇ ಒಣ ಬಟ್ಟೆ. ಹೋಗಲಿಲ್ಲವೆಂದರೆ ಮತ್ತೆ ನೆನೆಸಿ. ಬ್ಲೀಚ್, ಅಮೋನಿಯಾ, ಥಿನ್ನರ್ ಕಡೆ ಕೈ ಚಾಚಬೇಡಿ.

ಹ್ಯಾಂಡಲ್ ವಿಷಯ ಬೇರೆ. ಮೊದಲು ನಿಮ್ಮದು ಯಾವ ಪೇಂಟ್ ಅಂತ ನೋಡೋಣ. ಬಾಗಿಲಿನ ಒಳಬದಿಯಲ್ಲಿ, ಕಣ್ಣಿಗೆ ಬೀಳದ ಮೂಲೆಯನ್ನು ಸೋಪು ನೀರಲ್ಲಿ ಒರೆಸಿ ಒಣಗಿಸಿ. ಹತ್ತಿಗೆ ಮೆಡಿಕಲ್ ಶಾಪ್‌ನ ಸ್ಪಿರಿಟ್ ಹಾಕಿ ಅಲ್ಲಿ ತಿಕ್ಕಿ. ಬಣ್ಣ ಹತ್ತಿಗೆ ಬಂದರೆ ನೀರಿನ ಪೇಂಟ್. ಏನೂ ಬರದಿದ್ದರೆ ಎಣ್ಣೆ ಪೇಂಟ್ ಇರುವ ಸಾಧ್ಯತೆ ಹೆಚ್ಚು. ಸ್ಟವ್ ಉರಿಯುತ್ತಿರುವಾಗ ಮಾತ್ರ ಮಾಡಬೇಡಿ. ಜೊತೆಗೆ ಹ್ಯಾಂಡಲ್ ಹತ್ತಿರ ಉಗುರಿನಿಂದ ಒತ್ತಿ ನೋಡಿ, ಗುರುತು ಬೀಳುತ್ತದಾ?

ಬಿಳಿಬಾಗಿಲು:

ಬಣ್ಣ ಹತ್ತಿಗೆ ಬಂತು. ಉಗುರಿನ ಗುರುತೂ ಬಿತ್ತು, ಅದೂ ಹ್ಯಾಂಡಲ್ ಸುತ್ತ ಮಾತ್ರ. ಎರಡು ಇಂಚು ಆಚೆ ಪೇಂಟ್ ಗಟ್ಟಿಯಾಗಿದೆ. ಸ್ಟವ್ ಮೇಲಿನ ಬಾಗಿಲು ನೀವು ಹೇಳಿದ ಹಾಗೆ ಮಾಡಿದೆ, ಅರ್ಧಕ್ಕರ್ಧ ಬಿಟ್ಟಿದೆ. ಕೆಳಗೆ ಇಷ್ಟು ತಿಳಿ ಬಣ್ಣ ಇತ್ತು ಅಂತ ಗೊತ್ತೇ ಇರಲಿಲ್ಲ!

ಕುಂಚಕೆಲಸ:

ಹಾಗಾದರೆ ಹ್ಯಾಂಡಲ್ ಹತ್ತಿರ ಇರುವುದು ಬರೀ ಕೊಳೆ ಅಲ್ಲ, ಪೇಂಟೇ ಮೆತ್ತಗಾಗಿದೆ. ಕೈಯಲ್ಲಿರುವ ಎಣ್ಣೆ ಅಂಶ ದಿನಾ ತಾಗಿ ತಾಗಿ ನೀರಿನ ಪೇಂಟ್ ಒಳಗೆ ಇಳಿಯುತ್ತದೆ. ಒಮ್ಮೆ ಹೀಗಾದ ಮೇಲೆ ಎಷ್ಟು ತೊಳೆದರೂ ಅದು ಮತ್ತೆ ಗಟ್ಟಿಯಾಗುವುದಿಲ್ಲ. ತೊಳೆಯುವುದನ್ನು ನಿಲ್ಲಿಸಿ.

ಪೂರ್ತಿ ಕ್ಯಾಬಿನೆಟ್‌ಗೆ ಪೇಂಟ್ ಬೇಕಿಲ್ಲ, ಹೆದರಬೇಡಿ. ಹ್ಯಾಂಡಲ್ ಬಿಚ್ಚಿ. ಮೆತ್ತಗಿರುವುದನ್ನು ಪ್ಲಾಸ್ಟಿಕ್ ಸ್ಕ್ರೇಪರ್‌ನಲ್ಲಿ ಗಟ್ಟಿ ಪದರ ಸಿಗುವವರೆಗೆ ತೆಗೆಯಿರಿ. ಸೋಪು ನೀರಲ್ಲಿ ಒರೆಸಿ, ಒಣಗಲು ಬಿಡಿ. 220 ನಂಬರ್ ಸ್ಯಾಂಡ್ ಪೇಪರ್ ಹಗುರವಾಗಿ ಆಡಿಸಿ, ಪುಡಿ ಒರೆಸಿ, ಪ್ರೈಮರ್ (ಪೇಂಟ್‌ಗೆ ಮೊದಲು ಬಳಿಯುವ ತಳಪದರ) ಹಾಕಿ, ಮೇಲೆ ತೆಳುವಾಗಿ ಎರಡು ಕೋಟ್. ಸಾಧಾರಣ ಗೋಡೆ ಪೇಂಟ್ ಬೇಡ. ಮರಕ್ಕೆಂದೇ ಬರುವ ನೀರಿನ ಎನಾಮೆಲ್ ಇರಲಿ, ಅದು ಗಟ್ಟಿಯಾಗಿ ಕೂರುತ್ತದೆ.

ಇಲ್ಲಿ ಒಂದು ಕಸುಬಿನ ಗುಟ್ಟು. ಹ್ಯಾಂಡಲ್ ಸುತ್ತ ದುಂಡಗೆ ಬಳಿದರೆ ತೇಪೆ ಹಾಕಿದ್ದು ಎದ್ದು ಕಾಣುತ್ತದೆ. ಬಾಗಿಲಿಗೆ ಚೌಕಟ್ಟು ಇದ್ದರೆ ಹ್ಯಾಂಡಲ್ ಇರುವ ಉದ್ದಪಟ್ಟಿ ಪೂರ್ತಿ ಬಳಿಯಿರಿ, ಜೋಡಣೆಯ ಗೆರೆಯಲ್ಲಿ ನಿಲ್ಲಿಸಿ. ಬಣ್ಣ ಒಂದು ಚೂರು ಹೆಚ್ಚುಕಮ್ಮಿ ಆದರೂ ಕಣ್ಣು ಆ ಗೆರೆಯಲ್ಲೇ ಅದನ್ನು ಒಪ್ಪಿಕೊಂಡುಬಿಡುತ್ತದೆ.

ಮುಟ್ಟಿದರೆ ಅಂಟದಷ್ಟು ಒಣಗಲು ಕೆಲವು ಗಂಟೆ ಸಾಕು, ಪೂರ್ತಿ ಗಟ್ಟಿಯಾಗಲು ಮೂರು ನಾಲ್ಕು ವಾರ ಬೇಕು. ಅಲ್ಲಿಯವರೆಗೆ ಸೋಪು ಮುಟ್ಟಿಸಬೇಡಿ. ಬಾಗಿಲು ಚೌಕಟ್ಟಿಗೆ ತಾಗುವ ಕಡೆ ಸಿಲಿಕಾನ್ ಗುಂಡಿ ಅಂಟಿಸಿ. ಇಲ್ಲದಿದ್ದರೆ ಹೊಸ ಪೇಂಟ್‌ಗೆ ಪೇಂಟ್ ಕಚ್ಚಿಕೊಂಡು ಬಾಗಿಲು ತೆಗೆಯುವಾಗ ಕಿತ್ತು ಬರುತ್ತದೆ. ಸಾಧ್ಯವಾದರೆ ಹಿಂದೆ ಪಟ್ಟಿ ಇರುವ ಹ್ಯಾಂಡಲ್ ಹಾಕಿಸಿ, ಆಗ ಬೆರಳು ಪೇಂಟ್‌ಗೆ ತಾಗುವುದೇ ಇಲ್ಲ.

ಮನೆ ತುಂಬ ಹಳೆಯದಾ? ಕೆಳಗಿನ ಹಳೇ ಪದರಗಳಲ್ಲಿ ಸೀಸ ಇರಬಹುದು. ಪರೀಕ್ಷೆ ಮಾಡಿಸದೆ ಕೆರೆಯುವುದು, ಒಣ ಉಜ್ಜುವುದು ಬೇಡ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರಂತೂ ಖಂಡಿತ ಬೇಡ.

ಮರದಪುಡಿ:

ಸಿಂಕ್ ಬಾಗಿಲ ಬಗ್ಗೆ ಯಾರೂ ಹೇಳಲಿಲ್ಲ, ಬಡಗಿಗೇ ಬಿಟ್ಟಿದ್ದೀರಿ ಅನ್ನಿಸುತ್ತದೆ. ಎಂಡಿಎಫ್ ಒಮ್ಮೆ ಉಬ್ಬಿದರೆ ತಾನಾಗಿ ಇಳಿಯುವುದಿಲ್ಲ. ಮೊದಲು ಸಿಂಕ್ ಪೈಪ್ ಸೋರುತ್ತಿದೆಯಾ ನೋಡಿ. ಬಾಗಿಲು ಕಳಚಿ ಗಾಳಿಯಾಡುವ ಕಡೆ ಪೂರ್ತಿ ಒಣಗಿಸಿ, ಉಬ್ಬನ್ನು ಸಮಕ್ಕೆ ಉಜ್ಜಿ. ಅಂಚಿಗೆ ಎಣ್ಣೆ ಪ್ರೈಮರ್ ಅಥವಾ ಶೆಲ್ಯಾಕ್ (ಅರಗಿನ) ಪ್ರೈಮರ್ ಹಾಕಿ. ನೀರಿನ ಪ್ರೈಮರ್ ಹಾಕಿದರೆ ನಾರು ಮತ್ತೆ ಎದ್ದು ನಿಲ್ಲುತ್ತದೆ. ತೀರಾ ಪುಡಿಯಾಗಿದ್ದರೆ ಆ ಒಂದು ಬಾಗಿಲನ್ನು ಹೊಸದಾಗಿ ಮಾಡಿಸುವುದೇ ಸರಿ.

ಬಾಗಿಲಿನ ತಳದ ಅಂಚಿಗೆ ಬಗ್ಗಿ ಪೇಂಟ್ ಹೊಡೆಯುವ ಪೇಂಟರ್‌ನನ್ನು ನಾನು ಕಂಡಿದ್ದು ಕಡಿಮೆ. ಕುಂಚಕೆಲಸ ಅವರು ಬೇಜಾರು ಮಾಡ್ಕೋಬೇಡಿ. ಒದ್ದೆ ಟವೆಲ್ ಆ ಬಾಗಿಲ ಮೇಲೆ ನೇತು ಹಾಕುವ ಅಭ್ಯಾಸ ಇದ್ದರೆ ಬಿಡಿ.

ಕುಂಚಕೆಲಸ:

ನಾನು ಬಾಗಿಲು ಬಿಚ್ಚಿ ಮಲಗಿಸಿಯೇ ಹೊಡೆಯುತ್ತೇನೆ ಸ್ವಾಮಿ, ಆರು ಬದಿಗೂ.

ಬಿಳಿಬಾಗಿಲು:

ಟವೆಲ್ ಅಲ್ಲೇ ಇತ್ತು, ಈಗಷ್ಟೇ ತೆಗೆದೆ. ಕೊನೆಯದಾಗಿ, ಎಲ್ಲ ಆದ ಮೇಲೆ ಪೀಠೋಪಕರಣದ ಪಾಲಿಶ್ ಸ್ಪ್ರೇ ಹೊಡೆದರೆ ಜಿಡ್ಡು ಕೂರುವುದು ಕಡಿಮೆಯಾಗುತ್ತದಾ?

ಕುಂಚಕೆಲಸ:

ಬೇಡ. ಅವುಗಳಲ್ಲಿ ಹಲವಕ್ಕೆ ಸಿಲಿಕಾನ್ ಹಾಕಿರುತ್ತಾರೆ. ಮುಂದೆ ಎಂದಾದರೂ ಪೇಂಟ್ ಹೊಡೆಯುವಾಗ ಅದು ನಿಲ್ಲದೆ ಸಣ್ಣ ಸಣ್ಣ ಗುಳಿ ಬೀಳುತ್ತದೆ. ಅಡುಗೆ ಶುರು ಮಾಡುವ ಮೊದಲೇ ಎಕ್ಸಾಸ್ಟ್ ಹಾಕಿ, ಮುಗಿದ ಮೇಲೂ ಸ್ವಲ್ಪ ಹೊತ್ತು ಓಡಲಿ. ಸ್ಟವ್ ಅಕ್ಕಪಕ್ಕ ಮತ್ತು ಹ್ಯಾಂಡಲ್ ಸುತ್ತ ವಾರಕ್ಕೊಮ್ಮೆ ಅದೇ ಸೋಪು ನೀರು, ಉಳಿದದ್ದಕ್ಕೆ ತಿಂಗಳಿಗೊಮ್ಮೆ ಸಾಕು. ಕೆಟಲನ್ನು ಮೇಲಿನ ಕ್ಯಾಬಿನೆಟ್ ಅಡಿಯಿಂದ ಮುಂದಕ್ಕೆ ಎಳೆದಿಡಿ, ಹಬೆ ಅಲ್ಲೂ ಅಂಚು ಎಬ್ಬಿಸುತ್ತದೆ.