ವಿಮಾನ ನೆತ್ತಿ ಮ್ಯಾಲೆ ಬಂದ್ರ ದಾರ ಸಡ್ಲಾಗತೈತಿ, ಯಾಕ್ರೀ?

ನವನಗರದಾಂವ (ಬಾಗಲಕೋಟೆ):
ನಮಸ್ಕಾರ್ರೀ ಎಲ್ಲಾರಿಗೂ. ಕಂಟ್ರೋಲ್ ಲೈನ್ ವಿಮಾನ (ನಡುವ ನಿಂತು, ಹ್ಯಾಂಡಲಿಗೆ ಕಟ್ಟಿದ ಎರಡು ದಾರದ ಮ್ಯಾಲೆ ಸುತ್ತ ಹಾರಸೂ ಸಣ್ಣ ವಿಮಾನ), ನಂದು ಎರಡನೇದು. ಜಾರ್ಜ್ ಆಲ್ಡ್ರಿಚ್ ಅವರ ನೋಬ್ಲರ್ ವಿಮಾನದ ನಕಾಶಿ ನೋಡಿ ಮಾಡೀನಿ. ಅದರ ರೆಕ್ಕಿ 50 ಇಂಚು, ನಾ 40ಕ್ಕ ಇಳಿಸೀನಿ. ರೆಕ್ಕಿ ಬಾಲ್ಸಾ, ಒಡಲು ಫೋಮ್ ಶೀಟು. ಬೆಲ್‌ಕ್ರ್ಯಾಂಕ್ (ದಾರದ ಜಗ್ಗೂದನ್ನ ಬಾಲದ ಪಟ್ಟಿಗೆ ಮುಟ್ಟಸೂ ತುಂಡು) ಹಳೇ ಸ್ವಿಚ್ ಬೋರ್ಡಿನ ಹೈಲಮ್ ಶೀಟ್‌ನಾಗ ನಾನ ಕೊಯ್ದದ್ದು. ಎಲೆಕ್ಟ್ರಿಕ್ ಮೋಟಾರು, ಬ್ಯಾಟರಿ ಕೂಡಿ ತೂಕ 800 ಗ್ರಾಂ. ಹೊರರೆಕ್ಕಿ ತುದ್ಯಾಗ 15 ಗ್ರಾಂ ಸೀಸ ಐತಿ. ದಾರ 16 ಮೀಟರ್, ಹಿನ್ನೀರಿಗೆ ಮೀನ ಹಿಡ್ಯಾಕ ಹೋಗಾವ್ರು ತೊಗೊಳ್ಳೂ ನೈಲಾನ್.

ಸಪಾಟ ಛಲೋ ಹಾರತೈತಿ. ಲೂಪ್ ಒಂದು ಹೊಡದೆ, ಅದೂ ಬಂತು. ನಿನ್ನೆ ವಿಂಗ್‌ಓವರ್ (ನೆಟ್ಟಗ ಏರಿ, ನೆತ್ತಿ ದಾಟಿ ಆಚೆ ಕಡೆ ಇಳಿಯೂದು) ಮಾಡಾಕ ಹೋದೆ. ನಟ್ಟ ನೆತ್ತಿ ಮ್ಯಾಲೆ ಬಂದಾಗ ಕೈಯಾಗಿನ ಜಗ್ಗೂದು ನಿಂತ ಬಿಡ್ತು. ಹ್ಯಾಂಡಲ್ ಎಷ್ಟ ತಿರುವಿದ್ರೂ ಕೇಳಲಿಲ್ಲ. ಜ್ವಾಳ ಕೊಯ್ದ ಎರಿ ಹೊಲ. ಕೂಳಿ ಚುಚ್ಚಿ ಎಡರೆಕ್ಕಿ ಹರಿತು. ತಪ್ಪು ಎಲ್ಲಿ ಆಗೇತಿ?

ಪತಂಗ (ಬೆಳಗಾವಿ):
ಹೊರರೆಕ್ಕಿ ತುದಿಗೆ ಇನ್ನೊಂದ ನಾಕು ನಾಣ್ಯ ಅಂಟಸ್ರಿ. ಭಾರ ಆದ್ರ ತಾನ ಹೊರಗ ಜಗ್ಗತೈತಿ.

ಗುಮ್ಮಟದ ಕಾಕಾ (ವಿಜಯಪುರ):
ನಾಣ್ಯಾ ಬ್ಯಾಡೋ ತಮ್ಮಾ, ತಡಿ. ತುದಿ ಭಾರ ಇರೂದು ಒಳಗಿನ ಕಡೆ ದಾರದ ತೂಕ ಸರಿದೂಗ್ಸಾಕ. ಹೆಚ್ಚಾದ್ರ ಹೊರರೆಕ್ಕಿ ಜೋತು ಬೀಳ್ತದ, ಭುಜದ ಎತ್ತರಕ್ಕ ಹಾರುಮುಂದ ನಿನಗ ವಿಮಾನದ ಹೊಟ್ಟಿ ಕಾಣ್ತದ. ಹಂಗ ಕಾಣಲಿಲ್ಲಂದ್ರ 15 ಗ್ರಾಂ ಸಾಕು.

ಮೊದಲ ಇದನ್ನ ಹೇಳು: ಒಂದು ಸುತ್ತಿಗೆ ಎಷ್ಟು ಸೆಕೆಂಡ್? ನಾವು ಎನ್‌ಸಿಸಿ ಏರ್‌ವಿಂಗಿನಾಗ 1.5 ಸಿಸಿ ಡೀಸೆಲ್ ಎಂಜಿನ್ ಹಾರಸ್ತಿದ್ವಿ. ಈಥರ್, ಚಿಮಣಿ ಎಣ್ಣಿ, ಔಡಲೆಣ್ಣಿ ಕಲಸಿದ ಇಂಧನ. ಅಂಗಿ ತೊಳದ್ರೂ ವಾಸನಿ ಹೋಗ್ತಿರಲಿಲ್ಲ. ವಿಮಾನ ಬಿದ್ದು ಪುಡಿ ಆದ್ರೂ ಕಲಿಸಾವ್ರು ಮೊದಲ ಸುತ್ತಿನ ಲೆಕ್ಕಾನ ಕೇಳವ್ರು. ಆಗ ಸಿಟ್ಟ ಬರ್ತಿತ್ತು.

ನವನಗರದಾಂವ:
ಕಾಕಾರ, ವಿಡಿಯೋ ನೋಡಿ ಎಣಿಸಿದೆ. 10 ಸುತ್ತಿಗೆ 70 ಸೆಕೆಂಡ್.

ಗುಮ್ಮಟದ ಕಾಕಾ:
ಸಿಕ್ತು ನೋಡು. 16 ಮೀಟರ್ ದಾರ, ನಿನ್ನ ತೋಳು ಹಿಡದು 16.7 ಅನ್ನು. ಸುತ್ತು 105 ಮೀಟರ್. 7 ಸೆಕೆಂಡಿಗೆ ಒಂದು ಅಂದ್ರ ಸೆಕೆಂಡಿಗೆ 15 ಮೀಟರ್. 800 ಗ್ರಾಮಿನ ವಿಮಾನ ಆ ಓಟಕ್ಕ ಕೈ ಜಗ್ಗೂದು ಬರೇ 1.1 ಕಿಲೋ. ನೆತ್ತಿ ಮ್ಯಾಲೆ ಬಂದಾಗ ಅದರ ತೂಕಾನೇ ನಿನ್ನ ಕಡೆ ಎಳೀತದ, 800 ಕಳಿ. ಉಳದದ್ದು 300 ಗ್ರಾಂ. ಏರುಮುಂದ ಓಟ ಕಡಿಮಿ ಆಗೂದು ಬ್ಯಾರೆ. ಗಾಳಿ ಒಂದ ಸಲ ಉಫ್ ಅಂದ್ರ ಮುಗೀತು.

ಒಂದು ಸುತ್ತನ್ನ 5.2 ಸೆಕೆಂಡಿಗೆ ತಾ. ಜಗ್ಗೂದು 2 ಕಿಲೋ ಆಗ್ತದ. ಓಟ ಮೂರನೇ ಒಂದು ಪಾಲು ಹೆಚ್ಚಾದ್ರ ಜಗ್ಗೂದು ಹೆಚ್ಚು ಕಡಿಮಿ ಎರಡರಷ್ಟು. ಟೈಮರಿನಾಗ ಮೋಟಾರಿನ ತಿರುಗು ಏರಸು, ಇಲ್ಲಾ ಪಿಚ್ (ಎಲಿಯ ಓರೆ) ಹೆಚ್ಚಿರೂ ಪ್ರೊಪೆಲ್ಲರ್ ಹಾಕು. ಇಳಿದ ಕೂಡ್ಲೆ ಮೋಟಾರ್ ಮುಟ್ಟಿ ನೋಡು, ಬೊಬ್ಬಿ ಬರೂವಷ್ಟು ಕಾದಿದ್ರ ಪಿಚ್ ಇಳಸು.

ಇನ್ನ ಆ ನೈಲಾನ್ ತೆಗದು ಒಗಿ. ಅದು ರಬ್ಬರಿನಂಗ ಹಿಗ್ತದ, ನೀ ಹ್ಯಾಂಡಲ್ ತಿರುವಿದ್ದು ದಾರದಾಗs ಕರಗಿ ಹೋಗ್ತದ, ಬೆಲ್‌ಕ್ರ್ಯಾಂಕಿಗೆ ಮುಟ್ಟೂದಿಲ್ಲ. ಹೆಣೆದ ಸ್ಟೀಲ್ ತಂತಿ ಹಾಕು. ಪ್ರತಿ ದಿನ ಮೊದಲನೇ ಸಲ ಹಾರಸೂ ಮುಂಚೆ ಗೆಳ್ಯಾನ ಕೈಯಾಗ ವಿಮಾನ ಕೊಟ್ಟು, ಹ್ಯಾಂಡಲಿಗೆ ಸ್ಪ್ರಿಂಗ್ ತಕ್ಕಡಿ ಸಿಗಿಸಿ 8 ಕಿಲೋ ಮಟ ಜಗ್ಗು. ವಿಮಾನದ ತೂಕದ ಹತ್ತರಷ್ಟು ತಡೀಬೇಕು. ನಿನ್ನ ಸ್ವಿಚ್ ಬೋರ್ಡಿನ ಹಾಳಿ ಮ್ಯಾಲೆ ನನಗ ಅಷ್ಟ ನಂಬಿಕಿ ಇಲ್ಲ.

ಗಾಳಿ ಬೆನ್ನಿಗೆ ಹೊಡೀಬೇಕು, ಲೂಪ್ ನಿನ್ನೆದುರಿಗೆ ಆಗಬೇಕು. ಆಗ ಗಾಳೀನ ವಿಮಾನ ಹೊರಗ ದಬ್ಬತದ. ಸಡ್ಲಾತು ಅನಿಸಿದ್ರ ಹ್ಯಾಂಡಲ್ ತಿರುವಬ್ಯಾಡ, ನಾಕು ಹೆಜ್ಜಿ ಹಿಂದಕ್ಕ ಓಡು. ನಾವೆಲ್ಲಾ ಹಂಗ ಓಡಿ ಬೆನ್ನ ಮ್ಯಾಲೆ ಬಿದ್ದಾವ್ರು.

ಪತಂಗ:
ನಾಣ್ಯದ ಮಾತು ವಾಪಸ್ ತೊಗೊಂಡೆ. ಸ್ಟೀಲ್ ಹಾಕಿದ್ರ ಒಂದು ಖಬರ್ ಇಟ್ಕೋರಿ: ಹೊಲದ ಬದುವಿನ ಮ್ಯಾಲೆ ಕರೆಂಟಿನ ತಂತಿ ಇದ್ರ ಆ ಹೊಲಾನ ಬ್ಯಾಡ. ಮುಗಲು ಗುಡುಗಿದ್ರೂ ಸುತ್ತಿಟ್ಟ ಬಿಡ್ರಿ.

ನವನಗರದಾಂವ (ಮೂರು ವಾರದ ಮ್ಯಾಲೆ):
ಸ್ಟೀಲ್ ಬಂತು. ಸ್ಪ್ರಿಂಗ್ ತಕ್ಕಡಿ ರದ್ದಿ ಪೇಪರ್ ಕೊಳ್ಳಾವ್ನ ಕಡೆ ಇಸ್ಕೊಂಡೆ. ಆರು ಕಿಲೋಕ್ಕs ಹೈಲಮ್ ಚಟ್ ಅಂತು, ಕಾಕಾರ. ಹೊಸಾದು ಅಲ್ಯೂಮಿನಿಯಮ್‌ನಾಗ ಕೊಯ್ದೆ, 8 ತಡೀತು. ಈಗ 10 ಸುತ್ತಿಗೆ 53 ಸೆಕೆಂಡ್. ಮೋಟಾರು ಬೆಚ್ಚಗ ಅಷ್ಟs. ವಿಂಗ್‌ಓವರ್ ಮೂರು ಸಲ ಆತು, ನೆತ್ತಿ ಮ್ಯಾಲೂ ಕೈ ಜಗ್ಗತೈತಿ. ನಾಲ್ಕನೇದಕ್ಕ ಗಾಳಿ ಎದ್ದತು, ಇಳಿಸಿದೆ.