‘ಟೇಬಲ್’ಸ್ ಲೆಗ್’ ಸರಿಯಾ, ‘ಟೇಬಲ್ ಲೆಗ್’ ಸರಿಯಾ? ಗೊತ್ತಿರುವವರು ಹೇಳಿ

ಪ್ರಶ್ನೆ: ಇಂಗ್ಲಿಷಿನಲ್ಲಿ ವರದಿ ಬರೆಯುವಾಗ ಎರಡು ನಾಮಪದ ಅಕ್ಕಪಕ್ಕ ಬಂದರೆ ಕೈ ನಿಂತುಬಿಡುತ್ತದೆ. ನಡುವೆ ಅಪಾಸ್ಟ್ರಫಿ ಎಸ್ ಹಾಕಬೇಕಾ, ಸುಮ್ಮನೆ ಜೋಡಿಸಬೇಕಾ? ‘ಟೇಬಲ್’ಸ್ ಲೆಗ್’ ಅಂತ ಬರೆದರೆ ತಿದ್ದಿದರು. ಸರಿ ಅಂತ ‘ಟೀಚರ್ ಬ್ಯಾಗ್’ ಬರೆದೆ, ಅದನ್ನೂ ತಿದ್ದಿದರು. ನೀವೆಲ್ಲ ಹೇಗೆ ನಿಭಾಯಿಸುತ್ತೀರಿ?

ಇಂಗ್ಲಿಷ್ ಶಿಕ್ಷಕಿ: ನನ್ನ ತರಗತಿಯಲ್ಲೂ ಎಲ್ಲರೂ ಎಡವುವುದು ಇಲ್ಲೇ. ‘ಟೀಚರ ಚೀಲ’, ‘ಮೇಜಿನ ಕಾಲು’ ಎರಡಕ್ಕೂ ಕನ್ನಡದಲ್ಲಿ ಷಷ್ಠಿ ವಿಭಕ್ತಿ ಸಾಕು. ಇಂಗ್ಲಿಷಿಗೆ ಸಾಲದು. ಆದರೆ ಅದು ಮಾಡುವ ವ್ಯತ್ಯಾಸ ನಮಗೆ ಹೊಸದಲ್ಲ. ‘ಅರಸನ ಮನೆ’ ಅಂದರೆ ‘ಯಾವ ಅರಸ?’ ಅಂತ ಕೇಳಬಹುದು. ‘ಅರಮನೆ’ ಅಂದರೆ ಆ ಪ್ರಶ್ನೆ ಏಳುವುದಿಲ್ಲ, ಅದು ಮನೆಯಲ್ಲೇ ಒಂದು ಬಗೆ. ಹಾಗೆಯೇ ‘ಯಾರದು?’ ಅನ್ನುವುದಕ್ಕೆ ಉತ್ತರವಾದರೆ ಅಪಾಸ್ಟ್ರಫಿ, ‘ಎಂಥದು?’ ಅನ್ನುವುದಕ್ಕೆ ಉತ್ತರವಾದರೆ ಸಮಾಸ.

ಅನುಮಾನ ಬಂದಾಗ ನಾನು ನಡುವೆ ಒಂದು ವಿಶೇಷಣ ತೂರಿಸಿ ನೋಡುತ್ತೇನೆ. ‘ದಿ ಟೀಚರ್’ಸ್ ರೆಡ್ ಬ್ಯಾಗ್’ ಸಲೀಸಾಗಿ ಬರುತ್ತದೆ. ‘ದಿ ಟೇಬಲ್ ರೆಡ್ ಲೆಗ್’ ಬಾಯಲ್ಲೇ ಮುರಿಯುತ್ತದೆ, ‘ದಿ ರೆಡ್ ಟೇಬಲ್ ಲೆಗ್’ ಅಂತಲೇ ಹೇಳಬೇಕು. ಸಮಾಸ ತನ್ನ ಎರಡು ಪದಗಳ ನಡುವೆ ಮೂರನೆಯದನ್ನು ಬಿಟ್ಟುಕೊಳ್ಳುವುದಿಲ್ಲ.

ಅನುವಾದಕ: ಮೇಡಂ ಹೇಳಿದ್ದು ಬಹುಪಾಲು ನಡೆಯುತ್ತದೆ. ನನ್ನನ್ನು ಹೆಚ್ಚು ಕಾಡಿದ್ದು ‘ಚಿಲ್ಡ್ರನ್’ಸ್ ಹಾಸ್ಪಿಟಲ್’, ‘ವಿಮೆನ್’ಸ್ ಮ್ಯಾಗಜೀನ್’ ಥರದವು. ಇವು ಬಗೆಯನ್ನೇ ಹೇಳುತ್ತವೆ, ಆದರೂ ಅಪಾಸ್ಟ್ರಫಿ ಬೇಕು. ಯಾರ ಬಳಕೆಗೆ ಅನ್ನುವುದು ಮುಖ್ಯವಾದಾಗ ಹೀಗೆ ಬರುವುದುಂಟು, ಇವನ್ನು ಹಾಗೇ ನೆನಪಿಟ್ಟುಕೊಳ್ಳಿ. ಪ್ರಾಣಿಗಳ ವಿಷಯದಲ್ಲಿ ನನಗೆ ಉಪಯೋಗಕ್ಕೆ ಬಂದ ಗುರುತು: ಬದುಕಿರುವ ಪ್ರಾಣಿ ಕೊಡುವುದಕ್ಕೆ ಸಾಮಾನ್ಯವಾಗಿ ಅಪಾಸ್ಟ್ರಫಿ, ‘ಕೌ’ಸ್ ಮಿಲ್ಕ್’, ಕೊಂದು ಪಡೆಯುವುದಕ್ಕೆ ಸಮಾಸ, ‘ಚಿಕನ್ ಸೂಪ್’. ಇನ್ನೊಂದು, ‘ಕಾಫಿ ಕಪ್’ ಖಾಲಿಯೂ ಇರಬಹುದು, ‘ಎ ಕಪ್ ಆಫ್ ಕಾಫಿ’ಯಲ್ಲಿ ಕಾಫಿ ಇರಲೇಬೇಕು. ಇದೊಂದನ್ನು ಮರೆತು ಇಡೀ ಪ್ಯಾರಾವನ್ನೇ ಕೆಡಿಸಿದ್ದೇನೆ.

ಕರಡು ತಿದ್ದುವವರು: ಹೆಸರುಗಳಿಗೆ ನಿಯಮ ಹಚ್ಚಲು ಹೋಗಬೇಡಿ, ಅವರು ಬರೆದುಕೊಂಡಂತೆ ಬರೆಯಿರಿ. ಲಂಡನ್ನಿನ ಪಿಕಡಿಲಿ ಮಾರ್ಗದಲ್ಲಿ ‘ಅರ್ಲ್’ಸ್ ಕೋರ್ಟ್’ ನಿಲ್ದಾಣಕ್ಕೆ ಅಪಾಸ್ಟ್ರಫಿ ಇದೆ, ಅದರ ಪಕ್ಕದ ‘ಬ್ಯಾರನ್ಸ್ ಕೋರ್ಟ್’ಗೆ ಇಲ್ಲ. ಅಮೆರಿಕದ ‘ಮದರ್’ಸ್ ಡೇ’ಗೆ ಇದೆ, ‘ವೆಟರನ್ಸ್ ಡೇ’ಗೆ ಇಲ್ಲ. ಮತ್ತೆ, ಸಮಾಸದ ಮೊದಲ ಪದ ಸಾಧಾರಣವಾಗಿ ಏಕವಚನ. ಅಂಗಡಿ ತುಂಬ ಶೂ ಇದ್ದರೂ ‘ಶೂ ಶಾಪ್’. ‘ಸ್ಪೋರ್ಟ್ಸ್ ಕಾರ್’, ‘ಸೇವಿಂಗ್ಸ್ ಅಕೌಂಟ್’ನಂಥ ಕೆಲವು ಮಾತ್ರ ಬೇರೆ. ಕಾಲದ ಅಳತೆಗೆ ಎರಡೂ ನಡೆಯುತ್ತವೆ: ‘ಟೆನ್ ಮಿನಿಟ್ಸ್’ ವಾಕ್’ನಲ್ಲಿ ಎಸ್ ಆದಮೇಲೆ ಅಪಾಸ್ಟ್ರಫಿ, ‘ಎ ಟೆನ್-ಮಿನಿಟ್ ವಾಕ್’ನಲ್ಲಿ ಎಸ್ಸೂ ಇಲ್ಲ, ಅಪಾಸ್ಟ್ರಫಿಯೂ ಇಲ್ಲ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಧನ್ಯವಾದ. ವರದಿಯಲ್ಲಿ ‘ದಿ ಪ್ರಾಜೆಕ್ಟ್’ಸ್ ಮ್ಯಾನೇಜರ್’ ಅಂತ ಇತ್ತು. ‘ನ್ಯೂ’ ತೂರಿಸಿ ನೋಡಿದೆ, ‘ದಿ ಪ್ರಾಜೆಕ್ಟ್’ಸ್ ನ್ಯೂ ಮ್ಯಾನೇಜರ್’ ಕೂಡ ಸರಿಯಾಗೇ ಕೇಳಿಸಿತು! ಈಗ ಏನು ಮಾಡಲಿ?

ಇಂಗ್ಲಿಷ್ ಶಿಕ್ಷಕಿ: ಎರಡೂ ಸರಿಯೇ, ಅರ್ಥ ಬೇರೆ. ಆ ಒಂದು ಯೋಜನೆಯನ್ನು ನೋಡಿಕೊಳ್ಳುವವರು ಅಂತಾದರೆ ನೀವು ಬರೆದದ್ದೇ ಇರಲಿ. ಅದು ಅವರ ಹುದ್ದೆಯ ಹೆಸರಾದರೆ ‘ಪ್ರಾಜೆಕ್ಟ್ ಮ್ಯಾನೇಜರ್’ ಮಾಡಿ.

ಪ್ರಶ್ನೆ ಕೇಳಿದವರು: ಹುದ್ದೆಯೇ ಮೇಡಂ. ಅಪಾಸ್ಟ್ರಫಿ ಎಸ್ ತೆಗೆದೆ.