ಸಹಾಯ ಬೇಕು: ಕೊಚ್ಚಿದ ದನದ ಮಾಂಸವನ್ನು ವಾರದ ಊಟದಲ್ಲಿ ಹೇಗೆ ಹೊಂದಿಸಬೇಕು?

ಎಲ್ಲರಿಗೂ ನಮಸ್ಕಾರ. ನಾವು ಉಪ್ಪಳದವರು. ನನ್ನ ಹೆಂಡತಿಯ ಹಿಮೋಗ್ಲೋಬಿನ್ 9.4ಕ್ಕೆ ಇಳಿದಿದ್ದು, ಮಾತ್ರೆಯ ಜೊತೆಗೆ ಊಟದಲ್ಲೂ ಕಬ್ಬಿಣಾಂಶ ಹೆಚ್ಚಿಸಬೇಕೆಂದು ವೈದ್ಯರು ತಿಳಿಸಿದ್ದಾರೆ. ಆದರೆ ಅದೇ ಅಡುಗೆಯನ್ನು ಕೊಲೆಸ್ಟರಾಲ್ ಹೆಚ್ಚಿರುವ ನನ್ನ ತಾಯಿಯೂ ಉಣ್ಣಬೇಕಾಗಿದೆ.

ಶೇ. 20 ಕೊಬ್ಬಿರುವ 100 ಗ್ರಾಂ ಹಸಿ ಕೀಮಾದಲ್ಲಿ ಸುಮಾರು 254 ಕ್ಯಾಲರಿ, 17 ಗ್ರಾಂ ಪ್ರೋಟೀನ್ ಇರುತ್ತದೆ, ಕೊಬ್ಬು ಶೇ. 10 ಆದರೆ ಕ್ಯಾಲರಿ 176ಕ್ಕೆ ಇಳಿದು ಪ್ರೋಟೀನ್ 20 ಗ್ರಾಂಗೆ ಏರುತ್ತದೆ. ಕಬ್ಬಿಣಾಂಶ ಎರಡು ಮಿಲಿಗ್ರಾಂನಷ್ಟೇ ಆದರೂ, ಸೊಪ್ಪಿನ ಕಬ್ಬಿಣಕ್ಕಿಂತ ಅದನ್ನು ದೇಹ ಸುಲಭವಾಗಿ ಹೀರಿಕೊಳ್ಳುತ್ತದೆ, ಮಾತ್ರವಲ್ಲ, ಜೊತೆಗಿರುವ ಸೊಪ್ಪಿನ ಕಬ್ಬಿಣ ಹೀರಿಕೊಳ್ಳಲೂ ನೆರವಾಗುತ್ತದೆ. ಆದ್ದರಿಂದ ಕೀಮಾಕ್ಕೆ ನುಗ್ಗೆಸೊಪ್ಪು ಸೇರಿಸಿ, ನಿಂಬೆರಸ ಹಿಂಡಿ, ಕುಚ್ಚಲಕ್ಕಿ ಅನ್ನದೊಂದಿಗೆ ಬಡಿಸುತ್ತಿದ್ದೇವೆ. ಊಟದ ಬೆನ್ನಿಗೇ ಚಹಾ ಕುಡಿಯುವುದನ್ನು ನಿಲ್ಲಿಸಿದ್ದೇವೆ.

ಅಂಗಡಿಯಲ್ಲಿ ಮೊದಲೇ ಕೊಚ್ಚಿಟ್ಟ ಮಾಂಸದಲ್ಲಿ ಕೊಬ್ಬೆಷ್ಟೆಂದು ತಿಳಿಯುವುದೇ ಇಲ್ಲ. ಕಳೆದ ಭಾನುವಾರ ಹುರಿದ ಬಾಣಲೆಯನ್ನು ಓರೆಯಾಗಿ ಹಿಡಿದಾಗ, ಅರ್ಧ ಕಿಲೋಗೆ ನಾಲ್ಕು ದೊಡ್ಡ ಚಮಚ ಕೊಬ್ಬು ಒಂದು ಬದಿಗೆ ಇಳಿದು ನಿಂತಿತು. ಅದನ್ನು ತೆಗೆದುಹಾಕಿದೆ.

ಹೀಗೆ ಬಸಿದರೆ ತಾಯಿಗೆ ಸಾಕೇ, ಅಥವಾ ತುಂಡು ಮಾಂಸವನ್ನೇ ಆರಿಸಿ, ಕೊಬ್ಬು ಕತ್ತರಿಸಿ, ಕಣ್ಣೆದುರೇ ಕೊಚ್ಚಿಸಬೇಕೇ? ಯಾವ ಭಾಗವನ್ನು ಕೇಳಬೇಕು? ಕೆಂಪು ಮಾಂಸವನ್ನು ವಾರಕ್ಕೆ ಬೇಯಿಸಿದ ತೂಕದಲ್ಲಿ 350ರಿಂದ 500 ಗ್ರಾಂಗಿಂತ ಹೆಚ್ಚು ತಿನ್ನಬಾರದೆಂಬ ಸಲಹೆಯಿರುವಾಗ, ಹೆಂಡತಿಗೆ ಎರಡು ದಿನ, ತಾಯಿಗೆ ಒಂದು ದಿನ ಎಂದು ಹಂಚುವುದು ಸರಿಯೇ? ಆಹಾರತಜ್ಞರು ಅಥವಾ ಇಂತಹದೇ ಮನೆಯ ಅನುಭವವಿರುವವರು ದಯವಿಟ್ಟು ವಿವರವಾಗಿ ತಿಳಿಸಬೇಕಾಗಿ ವಿನಂತಿ.